ಆ್ಯನಿ ಹ್ಯಾಸ್ಲಮ್ ದನಿ ಆರ್ಕೆಸ್ಟ್ರಾದಲ್ಲಿ ಮುಳುಗದೇ ನಿಲ್ಲುವುದು ಹೇಗೆ? ರೆನೆಸಾನ್ಸ್ ತಂಡದ 1975ರ ಆಲ್ಬಮ್ ಮಾದರಿಯಲ್ಲಿ ಕನ್ನಡ ಹಾಡುಗಳು

ಸುಳಿಗಾಳಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ರೆನೆಸಾನ್ಸ್ ಎಂಬ ಬ್ರಿಟಿಷ್ ರಾಕ್ ತಂಡದ ‘ಷೆಹರಜಾದ್ ಅಂಡ್ ಅದರ್ ಸ್ಟೋರೀಸ್’ ಆಲ್ಬಮ್ಮನ್ನು ಮಾದರಿಯಾಗಿ ಇಟ್ಟುಕೊಂಡು ನಾವು ಐದು ಜನ ನಾಲ್ಕು ಕನ್ನಡ ಹಾಡುಗಳನ್ನು ರೆಕಾರ್ಡ್ ಮಾಡುತ್ತಿದ್ದೇವೆ. ಗಾಯಕಿ, ಪಿಯಾನೊ, ಹನ್ನೆರಡು ತಂತಿಯ ಅಕೂಸ್ಟಿಕ್ ಗಿಟಾರ್, ಬೇಸ್, ಡ್ರಮ್ಸ್. ವಯಲಿನ್, ಚೆಲ್ಲೊ, ಹಾರ್ನ್ ಎಲ್ಲ ಸ್ಯಾಂಪಲ್ ಲೈಬ್ರರಿಯಿಂದ, ಅಂದರೆ ಮೊದಲೇ ರೆಕಾರ್ಡ್ ಆದ ವಾದ್ಯದನಿಗಳನ್ನು ಕಂಪ್ಯೂಟರ್‌ನಲ್ಲಿ ನುಡಿಸುವುದು. ಗಾಯಕಿ ಕರ್ನಾಟಕ ಸಂಗೀತ ಕಲಿತವರು, ಶ್ರುತಿ ಐದೂವರೆ ಮನೆ, ಅಂದರೆ ಜಿ ಶಾರ್ಪ್.

ಚರಣಗಳು ಚೆನ್ನಾಗಿ ಬಂದಿವೆ. ಪಲ್ಲವಿಗೆ ಬಂದು ಸ್ಟ್ರಿಂಗ್ಸ್ ತುಂಬಿಕೊಂಡ ಕೂಡಲೇ ದನಿ ಹಿಂದಕ್ಕೆ ಸರಿಯುತ್ತದೆ. ಫೇಡರ್ (ಮಿಕ್ಸರ್‌ನಲ್ಲಿ ದನಿಯ ಮಟ್ಟ) ಏರಿಸಿದರೆ ದನಿ ಬೇರೆ, ವಾದ್ಯ ಬೇರೆ ಅನ್ನಿಸುತ್ತದೆ, ಕ್ಯಾರಿಯೋಕಿ ಥರ. ಮೇಲಿನ ಸ್ವರಗಳಲ್ಲಿ ಮಾತೂ ಸ್ಪಷ್ಟವಿಲ್ಲ. ಆ ಆಲ್ಬಮ್‌ನಲ್ಲಿ ಇಡೀ ಆರ್ಕೆಸ್ಟ್ರಾ ನುಡಿಯುತ್ತಿದ್ದರೂ ಗಾಯಕಿ ಆ್ಯನಿ ಹ್ಯಾಸ್ಲಮ್ ಒಂದು ಕಡೆಯೂ ಕಿರುಚಿದ ಹಾಗೆ ಕೇಳುವುದಿಲ್ಲ.

ಇದು ಸಂಯೋಜನೆಯ ದೋಷವೋ, ಮಿಕ್ಸಿಂಗ್ ದೋಷವೋ? ಡಿಸ್ಟಾರ್ಷನ್ ಗಿಟಾರ್ ಸೇರಿಸೋಣ ಅಂತ ತಂಡದಲ್ಲಿ ಒಂದು ಮಾತಿದೆ. ಸೇರಿಸಬಹುದಾ? ಮತ್ತೆ, ಹೋಲಿಸಿ ಕೇಳಲು ಎಲ್‌ಪಿ (ಗ್ರಾಮಫೋನ್ ತಟ್ಟೆ) ಒಳ್ಳೆಯದಾ, ಸಿಡಿ ಒಳ್ಳೆಯದಾ?

---

ಹನ್ನೆರಡುತಂತಿ

ಸದ್ಯಕ್ಕೆ ಮಿಕ್ಸರ್ ಮುಟ್ಟಬೇಡಿ. ನೀವು ಹೇಳಿದ ಲಕ್ಷಣಕ್ಕೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಸಂಯೋಜನೆಯಲ್ಲೇ ಇರುತ್ತದೆ.

ಆ ಆಲ್ಬಮ್‌ನಲ್ಲಿ ಯಾರು ಏನು ನುಡಿಸಿದ್ದಾರೆ ಅನ್ನುವುದನ್ನು ಮೊದಲು ನೋಡಿ. ಪಿಯಾನೊ ಮತ್ತು ಕೀಬೋರ್ಡ್ ಜಾನ್ ಟೌಟ್, ಅಕೂಸ್ಟಿಕ್ ಗಿಟಾರ್ ಮೈಕಲ್ ಡನ್‌ಫರ್ಡ್, ಬೇಸ್ ಜಾನ್ ಕ್ಯಾಂಪ್, ಡ್ರಮ್ಸ್ ಟೆರೆನ್ಸ್ ಸಲಿವನ್. ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೊದಲ್ಲಿ ರೆಕಾರ್ಡಿಂಗ್, ಆರ್ಕೆಸ್ಟ್ರಾದ ಬರವಣಿಗೆ ಟೋನಿ ಕಾಕ್ಸ್. ಎಲೆಕ್ಟ್ರಿಕ್ ಗಿಟಾರ್ ಇಲ್ಲವೇ ಇಲ್ಲ. ಇಡೀ ಆಲ್ಬಮ್ಮಿನ ಗುಟ್ಟು ಅಲ್ಲಿಂದ ಶುರುವಾಗುತ್ತದೆ. ಎರಡು ವರ್ಷ ಮೊದಲಿನ ‘ಆ್ಯಶಸ್ ಆರ್ ಬರ್ನಿಂಗ್’ ಹಾಡಿನಲ್ಲಿ ವಿಷ್‌ಬೋನ್ ಆ್ಯಶ್ ತಂಡದ ಆ್ಯಂಡಿ ಪವೆಲ್ ಎಲೆಕ್ಟ್ರಿಕ್ ಸೋಲೊ ನುಡಿಸಿದ್ದಾರೆ, ಆದರೆ ಅದು ಬರುವುದು ಸಾಹಿತ್ಯ ಮುಗಿದ ಮೇಲೆ, ಹಾಡಿನ ಕೊನೆಯ ಭಾಗದಲ್ಲಿ.

ಇನ್ನು ಎಲ್‌ಪಿಯ ಎರಡನೇ ಬದಿಯನ್ನು ಪೂರ್ತಿ ತುಂಬಿರುವ ‘ಸಾಂಗ್ ಆಫ್ ಷೆಹರಜಾದ್’. ಸುಮಾರು 24 ನಿಮಿಷ, ಒಂಬತ್ತು ಭಾಗ. ಹಿತ್ತಾಳೆ ವಾದ್ಯಗಳ ಅಬ್ಬರ ಎಲ್ಲಿದೆ ಗಮನಿಸಿ. ‘ಫ್ಯಾನ್‌ಫೇರ್’, ‘ದ ಬಿಟ್ರೇಯಲ್’, ‘ಫ್ಯೂಗ್ ಫಾರ್ ದ ಸುಲ್ತಾನ್’ ಈ ಮೂರರಲ್ಲೂ ಸಾಹಿತ್ಯವಿಲ್ಲ. ರಾಜಕುಮಾರ ರಾಜಕುಮಾರಿಯರ ಕಥೆ ಹೇಳುವ ಭಾಗದಲ್ಲಿ ಹ್ಯಾಸ್ಲಮ್ ಮೆಲ್ಲಗೆ ಹಾಡುತ್ತಾರೆ, ಆಗ ಆರ್ಕೆಸ್ಟ್ರಾ ತೀರಾ ತೆಳ್ಳಗಿರುತ್ತದೆ. ಆರ್ಕೆಸ್ಟ್ರಾ ದೊಡ್ಡದಾಗುವ ಹೊತ್ತು, ದನಿ ಮಾತಾಡುವ ಹೊತ್ತು ಬೇರೆಬೇರೆಯಾಗಿ ಹಂಚಿಕೆಯಾಗಿವೆ. ಎರಡೂ ಜೊತೆಗೂಡುವುದು ಕೊನೆಯ ಭಾಗ ‘ಫಿನಾಲೆ’ಯಂಥ ಕಡೆ, ಅಲ್ಲಿ ದನಿ ಎಷ್ಟು ಮೇಲೆ ಹೋಗಿರುತ್ತದೆಂದರೆ ಆ ಎತ್ತರವೇ ಅದನ್ನು ಕಾಯುತ್ತದೆ.

ನಿಮ್ಮ ಪಲ್ಲವಿಗೆ ಇದನ್ನು ಅನ್ವಯಿಸೋಣ. ಗಾಯಕಿ ಎ4ನಿಂದ ಇ5ರ ನಡುವೆ ಹಾಡುತ್ತಿದ್ದಾರೆ ಎಂದಿಟ್ಟುಕೊಳ್ಳಿ (ಅಕ್ಷರ ಪಾಶ್ಚಾತ್ಯ ಸ್ವರದ ಹೆಸರು, ಅಂಕಿ ಅದು ಯಾವ ಅಷ್ಟಕದ್ದು, ಅಂದರೆ ಯಾವ ಆಕ್ಟೇವ್‌ನದ್ದು ಎಂಬುದು). ಎರಡನೇ ವಯಲಿನ್, ವಿಯೋಲ, ಹಾರ್ನ್, ಪಿಯಾನೊದ ಬಲಗೈ, ಹನ್ನೆರಡು ತಂತಿಯ ಮೇಲಿನ ತಂತಿಗಳು ಎಲ್ಲವೂ ಅದೇ ಅಷ್ಟಕದಲ್ಲಿ ಬೀಳುತ್ತವೆ. ಆ ಅಷ್ಟಕವನ್ನು ಖಾಲಿ ಮಾಡಿಕೊಡುವುದೇ ಕೆಲಸ.

ಮೊದಲನೇ ವಯಲಿನ್ ಅನ್ನು ದನಿಗಿಂತ ಒಂದು ಅಷ್ಟಕ ಮೇಲೆ, ಎ5–ಇ6 ಸುತ್ತ, ಮೆಲ್ಲಗೆ ಇಡಿ. ಉಳಿದ ಸ್ಟ್ರಿಂಗ್ಸ್ ಎಲ್ಲ ಇ4ಗಿಂತ ಕೆಳಗೆ. ನಡುವೆ ಬಾಗಿಲು ತೆರೆದ ಹಾಗೆ ಒಂದು ಸಂದು ಉಳಿಯುತ್ತದೆ, ದನಿ ಅದರಲ್ಲಿ ಹಾದು ಬರುತ್ತದೆ. ವಯಲಿನ್ನಿಂದ ಹಾಡಿನ ಮಟ್ಟನ್ನೇ ಅದೇ ಅಷ್ಟಕದಲ್ಲಿ ನುಡಿಸುವ ಆಸೆ ಬರುತ್ತದೆ, ಬಿಟ್ಟುಬಿಡಿ. ಸಿನಿಮಾ ಹಾಡುಗಳಲ್ಲಿ ಅದು ನಡೆಯುವುದು ದನಿಯನ್ನು ತುಂಬಾ ಮುಂದೆ ಇಟ್ಟು ಮಿಕ್ಸ್ ಮಾಡುವುದರಿಂದ.

ಹಾರ್ನ್ ಉದ್ದ ಸ್ವರಗಳನ್ನು ಸಾಹಿತ್ಯದ ಕೆಳಗೆ ಇಡಬೇಡಿ. ಸಾಲು ಮುಗಿದು ಗಾಯಕಿ ಉಸಿರು ತೆಗೆದುಕೊಳ್ಳುವ ಎರಡು ಬೀಟ್‌ಗಳಲ್ಲಿ ಹಾರ್ನ್ ಏರಿ ಇಳಿಯಲಿ. ಕೇಳುಗನಿಗೆ ಆರ್ಕೆಸ್ಟ್ರಾ ದೊಡ್ಡದಾಗಿಯೇ ನೆನಪಿರುತ್ತದೆ. ಓಬೋ ಬೇಡ, ಅದರ ನಾದ ದನಿಯ ಜಾಗದಲ್ಲೇ ಕೂರುತ್ತದೆ. ಮಟ್ಟಿಗೆ ನೆರಳು ಬೇಕೇ ಬೇಕೆಂದರೆ ಒಂದೇ ಕೊಳಲು, ಅಷ್ಟಕ ಮೇಲೆ.

ಬೇಸ್ ವಿಷಯಕ್ಕೆ ಬಂದರೆ, ಜಾನ್ ಕ್ಯಾಂಪ್ ರಿಕನ್‌ಬ್ಯಾಕರ್ ಕಂಪನಿಯ ಗಿಟಾರ್‌ನಲ್ಲಿ ಬೇಸನ್ನು ಲೀಡ್ ವಾದ್ಯದ ಹಾಗೆ ನುಡಿಸುತ್ತಾರೆ. ಹೊಳಪಿನ ನಾದ, ಓಡುವ ಸ್ವರಗಳು. ಗಿಟಾರ್ ಸೋಲೊ ಇಲ್ಲದ ಕೊರತೆಯನ್ನು ತುಂಬುವುದು ಅದೇ. ಅದಕ್ಕೆ ಜಾಗ ಬೇಕಾದರೆ ಪಿಯಾನೊದ ಎಡಗೈ ಸಿ3ಗಿಂತ ಕೆಳಗೆ ಇಳಿಯಬಾರದು. ನಮ್ಮಲ್ಲಿ ಪಿಯಾನೊ ಕಲಿತವರು ಒಂಟಿಯಾಗಿ ನುಡಿಸಿ ರೂಢಿಯಾಗಿ ಎಡಗೈಯಲ್ಲಿ ಅಷ್ಟಕಗಳನ್ನು ಬಡಿಯುತ್ತಾರೆ. ಅದನ್ನು ನಿಲ್ಲಿಸಿದರೆ ಅರ್ಧ ಕೆಸರು ಹೋಗುತ್ತದೆ.

ಸ್ಯಾಂಪಲ್ ಲೈಬ್ರರಿಯ ಬಗ್ಗೆ ಎರಡು ಮಾತು. ‘ಫುಲ್ ಎನ್ಸೆಂಬಲ್’ (ಇಡೀ ಗುಂಪಿನ ದನಿ) ಪ್ಯಾಚ್‌ನಲ್ಲಿ ನಾಲ್ಕು ಸ್ವರದ ಕಾರ್ಡ್, ಅಂದರೆ ಸ್ವರಗಳ ಗುಚ್ಛ, ಒತ್ತಿದರೆ ಪ್ರತಿ ಸ್ವರಕ್ಕೂ ಇಡೀ ಗುಂಪು ನುಡಿಯುತ್ತದೆ, ಅಂದರೆ ಆರ್ಕೆಸ್ಟ್ರಾ ನಾಲ್ಕು ಪಟ್ಟು ಊದಿಕೊಳ್ಳುತ್ತದೆ. ಮೊದಲ ವಯಲಿನ್, ಎರಡನೇ ವಯಲಿನ್, ವಿಯೋಲ, ಚೆಲ್ಲೊ ಬೇರೆಬೇರೆ ಟ್ರ್ಯಾಕ್ ಮಾಡಿ, ಒಂದೊಂದಕ್ಕೆ ಒಂದೇ ಸ್ವರ ಕೊಡಿ. ಎರಡನೆಯದು, ಲೆಗಾಟೊ (ಸ್ವರದಿಂದ ಸ್ವರಕ್ಕೆ ಕಡಿಯದೆ ಸಾಗುವ) ಪ್ಯಾಚ್‌ಗಳು ತಡವಾಗಿ ಮಾತಾಡುತ್ತವೆ, ಲೈಬ್ರರಿ ನೋಡಿಕೊಂಡು 100ರಿಂದ 250 ಮಿಲಿಸೆಕೆಂಡ್. ಆ ಟ್ರ್ಯಾಕ್‌ಗೆ ಅಷ್ಟೇ ನೆಗೆಟಿವ್ ಡಿಲೇ ಕೊಡಿ, ಅಂದರೆ ಅಷ್ಟು ಮುಂಚೆ ಶುರುವಾಗಲಿ. ಕೊಡದಿದ್ದರೆ ಸ್ಟ್ರಿಂಗ್ಸ್ ಸದಾ ದನಿಯ ಹಿಂದೆ ಎಳೆದಾಡುತ್ತದೆ, ಗಾಯಕಿಯೇ ತಾಳ ತಪ್ಪಿದ ಹಾಗೆ ಕೇಳುತ್ತದೆ. ಕೀಬೋರ್ಡಿನ ಮಾಡ್ಯುಲೇಷನ್ ವೀಲ್‌ನಿಂದ ಡೈನಮಿಕ್ಸ್ (ಸದ್ದಿನ ಏರಿಳಿತ) ಬರೆಯುವಾಗ ಸಾಲಿನ ಒಳಗೆ ಇಳಿಸಿ, ಸಾಲಿನ ಸಂದಿನಲ್ಲಿ ಏರಿಸಿ.

ಬಜೆಟ್ ಇದ್ದರೆ ಒಬ್ಬ ವಯಲಿನ್ ವಾದಕ, ಒಬ್ಬ ಚೆಲ್ಲೊ ವಾದಕರನ್ನು ಕರೆಸಿ, ಮೇಲಿನ ಸಾಲು ಮತ್ತು ಕೆಳಗಿನ ಸಾಲನ್ನು ಸ್ಯಾಂಪಲ್‌ನ ಜೊತೆ ನುಡಿಸಿ ಸೇರಿಸಿ. ಕಿವಿ ಆ ಎರಡು ನಿಜವಾದ ಬಿಲ್ಲುಗಳನ್ನೇ ಹಿಡಿಯುತ್ತದೆ, ಉಳಿದದ್ದನ್ನೂ ನಿಜವೆಂದು ಒಪ್ಪುತ್ತದೆ.

---

ತಾರಸ್ಥಾಯಿ

ಮೇಲಿನವರು ವಾದ್ಯದ ಕಡೆ ಹೇಳಿದರು. ಮಾತು ಅಸ್ಪಷ್ಟವಾಗುವುದಕ್ಕೆ ವಾದ್ಯ ಕಾರಣವಲ್ಲ, ಸ್ವರಾಕ್ಷರ (ಆ, ಈ, ಊ ಮುಂತಾದವು) ಕಾರಣ. ಇದನ್ನು ಯಾವ ಮಿಕ್ಸಿಂಗೂ ಸರಿಮಾಡುವುದಿಲ್ಲ.

ಪ್ರತಿ ಸ್ವರಾಕ್ಷರಕ್ಕೂ ಬಾಯಿಯೊಳಗಿನ ಒಂದು ಮುಖ್ಯ ಅನುರಣನ ಇರುತ್ತದೆ. ಹೆಣ್ಣುದನಿಯಲ್ಲಿ ‘ಈ’ ಮತ್ತು ‘ಊ’ಗೆ ಅದು ಸುಮಾರು 350–450 ಹರ್ಟ್ಸ್, ‘ಏ’ ‘ಓ’ಗೆ 500–600, ‘ಆ’ಗೆ 850ರ ಮೇಲೆ. ಹಾಡುವ ಸ್ವರದ ಕಂಪನವೇ ಆ ಅಂಕಿಯನ್ನು ದಾಟಿದರೆ ಆ ಅಕ್ಷರ ಗುರುತು ಸಿಗುವುದಿಲ್ಲ. ಎ4 ಅಂದರೆ 440, ಸಿ5 ಅಂದರೆ 523, ಇ5 ಅಂದರೆ 659, ಜಿ5 ಅಂದರೆ 784. ಅಂದರೆ ಸಿ5 ದಾಟಿದ ಮೇಲೆ ‘ಈ’ ಮತ್ತು ‘ಊ’ ಸಹಜವಾಗಿ ಬಾಳುವುದಿಲ್ಲ. ಗಾಯಕಿ ದವಡೆ ತೆರೆಯಲೇಬೇಕು, ತೆರೆದರೆ ಅಕ್ಷರ ‘ಆ’ ಕಡೆಗೆ ವಾಲುತ್ತದೆ. ತೆರೆಯದೆ ಹಿಡಿದರೆ ದನಿ ಸಣ್ಣಗಾಗಿ, ಗಂಟಲು ಬಿಗಿದು, ಕೀರಲು ಬರುತ್ತದೆ. ಒಪೆರಾ ಕಲಿತವರಿಗೆ ಇದು ಮೊದಮೊದಲ ಪಾಠಗಳಲ್ಲಿ ಒಂದು. ಹ್ಯಾಸ್ಲಮ್ ಕೂಡ ಸಿಬಿಲ್ ನೈಟ್ ಎಂಬ ಒಪೆರಾ ಗಾಯಕಿಯ ಬಳಿ ಕಲಿತವರು. 1971ರಲ್ಲಿ ತಂಡ ಸೇರುವಾಗಲೇ ಆ ತಯಾರಿ ಇತ್ತು.

ರೆನೆಸಾನ್ಸ್‌ನ ಸಾಹಿತ್ಯ ಬರೆದವರು ಬೆಟ್ಟಿ ಥ್ಯಾಚರ್, ತಂಡದ ಸದಸ್ಯೆಯಲ್ಲ. ಡನ್‌ಫರ್ಡ್ ಕಟ್ಟಿದ ಮಟ್ಟುಗಳು ಅಂಚೆಯಲ್ಲಿ ಕಾರ್ನ್‌ವಾಲ್‌ಗೆ ಹೋಗುತ್ತಿದ್ದವು, ಮಾತು ಅಂಚೆಯಲ್ಲೇ ಬರುತ್ತಿತ್ತು. ಮಟ್ಟು ಮೊದಲು, ಮಾತು ಆಮೇಲೆ. ಕನ್ನಡದಲ್ಲಿ ನಾವು ಬಹಳ ಸಲ ಕವಿತೆ ಮೊದಲು ಬರೆದು ರಾಗ ಹಾಕುತ್ತೇವೆ. ಭಾವಗೀತೆಗೆ ಅದು ಒಗ್ಗುತ್ತದೆ, ಏಕೆಂದರೆ ಭಾವಗೀತೆ ಸಾಮಾನ್ಯವಾಗಿ ಅಷ್ಟು ಮೇಲೆ ಹೋಗುವುದಿಲ್ಲ. ಇಲ್ಲಿ ಮಟ್ಟಿನ ತುದಿ ಎಲ್ಲಿದೆ ಎಂದು ಗೊತ್ತಾದ ಮೇಲೆಯೇ ಪದ ಆರಿಸಬೇಕು.

ಕನ್ನಡದ ಪದಗಳು ಹೆಚ್ಚಾಗಿ ‘ಉ’, ‘ಇ’, ‘ಎ’ಗಳಲ್ಲಿ ಮುಗಿಯುತ್ತವೆ. ಕಡಲು, ಬಂದು, ಗಾಳಿ, ಮನೆ. ಸಾಲಿನ ಕೊನೆಯ ಉದ್ದ ಸ್ವರ ಇ5ರಲ್ಲಿದ್ದು ಅಲ್ಲಿ ‘ಕಡಲು’ ಬಿದ್ದರೆ ಗಾಯಕಿ ‘ಕಡಲಾ’ ಎಂದೇ ಹಾಡಬೇಕಾಗುತ್ತದೆ. ಅದರ ಬದಲು ‘ಕಡಲಿನಾಚೆ’ ಎಂದಿಟ್ಟು ‘ನಾ’ ಮೇಲೆ ಆ ಉದ್ದ ಸ್ವರ ನಿಲ್ಲಿಸಿ, ‘ಚೆ’ಯನ್ನು ಇಳಿಯುವ ಸ್ವರದಲ್ಲಿ ಮುಗಿಸಿ. ಮಾತು ಸ್ಪಷ್ಟವಾಗಿ ಕೇಳುತ್ತದೆ. ತುದಿಯಲ್ಲಿ ‘ಆ’ ಅಥವಾ ‘ಓ’ ಬರುವ ಹಾಗೆ ಸಾಲು ತಿರುಗಿಸುವುದು ಕನ್ನಡದಲ್ಲಿ ಕಷ್ಟವಲ್ಲ, ಪದಗಳ ಕ್ರಮ ಬದಲಿಸುವ ಸ್ವಾತಂತ್ರ್ಯ ನಮಗೆ ಬೇಕಾದಷ್ಟಿದೆ.

ಒತ್ತಕ್ಷರ ಇನ್ನೊಂದು ತೊಡಕು. ‘ಹಕ್ಕಿ’, ‘ಕತ್ತಲು’, ‘ಬೆಟ್ಟ’ ಇವುಗಳ ಮೊದಲ ಅಕ್ಷರ ಛಂದಸ್ಸಿನಲ್ಲಿ ಗುರು, ಆದರೆ ಅದರ ಉದ್ದ ಬರುವುದು ಒತ್ತಿನಿಂದ, ಸ್ವರಾಕ್ಷರದಿಂದಲ್ಲ. ಅದನ್ನು ಉದ್ದ ಸ್ವರಕ್ಕೆ ಕಟ್ಟಿ ಎಳೆದರೆ ‘ಹಾಕ್ಕಿ’ ಆಗುತ್ತದೆ. ಅಂಥ ಪದಗಳನ್ನು ಸಿ5ಗಿಂತ ಕೆಳಗೆ, ಚಿಕ್ಕ ಸ್ವರಗಳಿಗೆ ಕೊಡಿ. ಚರಣದಲ್ಲಿ ಅವು ಚೆನ್ನಾಗಿ ತಾಳ ಹಿಡಿಯುತ್ತವೆ.

ನಿಮ್ಮ ಗಾಯಕಿಯ ಶ್ರುತಿ ಜಿ ಶಾರ್ಪ್ ಅಂದರೆ ತಾರ ಷಡ್ಜ ಜಿ ಶಾರ್ಪ್4, ತಾರ ಪಂಚಮ ಡಿ ಶಾರ್ಪ್5. ಕಛೇರಿ ಪದ್ಧತಿಯಲ್ಲಿ ದನಿಯ ಅಭ್ಯಾಸ ಹೆಚ್ಚುಕಡಿಮೆ ಅಲ್ಲಿಗೆ ಮುಗಿಯುತ್ತದೆ, ಅದೂ ತುಂಬುದನಿಯಲ್ಲಿ. ಹ್ಯಾಸ್ಲಮ್ ಶಬ್ದವಿಲ್ಲದೆ ಬರೀ ಆಲಾಪದ ಹಾಗೆ ಏರುವ ಜಾಗಗಳು ಶುರುವಾಗುವುದೇ ಅದರ ಮೇಲೆ, ತಲೆದನಿಯಲ್ಲಿ (ಹೆಡ್ ವಾಯ್ಸ್, ಎದೆಯ ಒತ್ತಿಲ್ಲದ ಹಗುರ ದನಿ). ‘ಓಷನ್ ಜಿಪ್ಸಿ’ಯ ಕೊನೆ ಕೇಳಿ. ಅಲ್ಲಿ ಮಾತೇ ಇಲ್ಲ, ಆದ್ದರಿಂದ ಸ್ವರಾಕ್ಷರದ ಜಗಳವೂ ಇಲ್ಲ. ನೀವೂ ಇ5ಗಿಂತ ಮೇಲಿನದ್ದನ್ನೆಲ್ಲ ‘ಆ’ಕಾರಕ್ಕೆ ಬಿಡಿ.

ತಲೆದನಿ ಅಭ್ಯಾಸವಾಗಲು ಸಮಯ ಬೇಕು. ದಿನಕ್ಕೆ 15 ನಿಮಿಷ ‘ಊ’ಕಾರದಲ್ಲಿ ಎ4ನಿಂದ ಇ5ರವರೆಗೆ ಜಾರುವ ಸಾಧನೆ, ಮೆಲ್ಲಗೆ, ಮಧ್ಯದಲ್ಲಿ ದನಿ ಒಡೆಯುವ ಜಾಗದಲ್ಲಿ ಒತ್ತಡ ಹಾಕದೆ. ತುಂಬುದನಿಯನ್ನೇ ಮೇಲಕ್ಕೆ ತಳ್ಳಿಸಿ ರೆಕಾರ್ಡ್ ಮಾಡಬೇಡಿ, ಗಂಟಲು ಊದಿಕೊಳ್ಳುತ್ತದೆ, ಟೇಕೂ ಹಾಳು.

ಗಮಕದ ಬಗ್ಗೆ: ಸ್ಟ್ರಿಂಗ್ಸ್ ಕಾರ್ಡ್‌ನಲ್ಲಿ ಗಾಂಧಾರ ಸ್ಥಿರವಾಗಿ ನಿಂತಿರುವಾಗ ಗಾಯಕಿ ಗಾಂಧಾರವನ್ನು ಕಂಪಿಸಿದರೆ ಎರಡೂ ಒಂದಕ್ಕೊಂದು ಉಜ್ಜಿ ಅಪಸ್ವರದಂತೆ ಕೇಳುತ್ತದೆ. ಗಮಕ ಬೇಕಾದ ಕಡೆ ಕಾರ್ಡ್‌ನಿಂದ ಗಾಂಧಾರ ತೆಗೆದು ಬರೀ ಸ-ಪ ಇಡಿ. ಉಳಿದ ಕಡೆ ಸ್ವರ ನೇರ ಹಿಡಿದು, ಕೊನೆಯ ಮೂರನೇ ಒಂದು ಭಾಗದಲ್ಲಿ ಮಾತ್ರ ಅಲುಗಿಸಲಿ.

---

ಮಿಕ್ಸ್‌ಮನೆ

ಇಬ್ಬರೂ ಹೇಳಿದ್ದು ಸರಿ. ಆದರೆ ಮಿಕ್ಸಿಂಗ್‌ಗೆ ಏನೂ ಪಾಲಿಲ್ಲ ಅನ್ನುವುದನ್ನು ಒಪ್ಪಲಾರೆ. ಸಂಯೋಜನೆ ಸರಿಯಿದ್ದೂ ದನಿ ಹಿಂದೆ ಬೀಳುವುದಕ್ಕೆ ಎರಡು ಕಾರಣ ಇರುತ್ತವೆ: ಒಂದು ರಿವರ್ಬ್ (ಜಾಗದ ಮಾರ್ದನಿ), ಇನ್ನೊಂದು ಕಂಪ್ರೆಷನ್ (ಸದ್ದಿನ ಏರಿಳಿತವನ್ನು ತಗ್ಗಿಸುವುದು).

ಸ್ಯಾಂಪಲ್ ಲೈಬ್ರರಿಯ ಸ್ಟ್ರಿಂಗ್ಸ್ ಈಗಾಗಲೇ ಯಾವುದೋ ಹಾಲ್‌ನಲ್ಲಿ ರೆಕಾರ್ಡ್ ಆಗಿರುತ್ತದೆ. ಅದರ ಮೇಲೆ ಇನ್ನೊಂದು ಹಾಲ್ ರಿವರ್ಬ್, ದನಿಗೂ ಅದೇ ರಿವರ್ಬ್ ಹಾಕಿದರೆ ಎಲ್ಲವೂ ಒಂದೇ ದೂರಕ್ಕೆ ಹೋಗಿ ಕೂರುತ್ತವೆ. ಲೈಬ್ರರಿಯಲ್ಲಿ ಹತ್ತಿರದ ಮೈಕ್‌ಗಳನ್ನು ಹೆಚ್ಚು ಮಾಡಿ, ಕೋಣೆಯ ಮೈಕ್‌ಗಳನ್ನು ಇಳಿಸಿ. ಆಮೇಲೆ ಇಡೀ ಆರ್ಕೆಸ್ಟ್ರಾಗೆ 2ರಿಂದ 2.4 ಸೆಕೆಂಡಿನ ಒಂದು ಹಾಲ್. ದನಿಗೆ ಬೇರೆಯದೇ ಪ್ಲೇಟ್ ಬಗೆಯ ರಿವರ್ಬ್, 1.6ರಿಂದ 1.8 ಸೆಕೆಂಡ್, ಪ್ರಿಡಿಲೇ (ರಿವರ್ಬ್ ಶುರುವಾಗುವ ಮುಂಚಿನ ತಡ) 40–60 ಮಿಲಿಸೆಕೆಂಡ್. ಈ ಪ್ರಿಡಿಲೇ ಇದ್ದರೆ ಮೊದಲು ಮಾತು ಬರುತ್ತದೆ, ಆಮೇಲೆ ಅದರ ಹಿಂದೆ ಜಾಗ ತೆರೆಯುತ್ತದೆ. ರಿವರ್ಬ್ ಮರಳುವ ಚಾನೆಲ್‌ನಲ್ಲಿ 250 ಹರ್ಟ್ಸ್ ಕೆಳಗಿನದನ್ನೂ 7–8 ಕಿಲೋಹರ್ಟ್ಸ್ ಮೇಲಿನದನ್ನೂ ಕತ್ತರಿಸಿ. ಕತ್ತರಿಸದಿದ್ದರೆ ‘ಸ’ ‘ಶ’ಗಳು ಹಾಲ್ ತುಂಬಾ ಸಿಡಿಯುತ್ತವೆ.

ಕಂಪ್ರೆಷನ್: ಸೊಪ್ರಾನೊ ದನಿಯ ಮೆಲ್ಲನೆಯ ಚರಣಕ್ಕೂ ತುದಿಯ ಸ್ವರಕ್ಕೂ ನಡುವೆ 20 ಡೆಸಿಬಲ್‌ಗೂ ಹೆಚ್ಚು ಅಂತರ ಬರಬಹುದು. ಅಷ್ಟನ್ನೂ ಒಂದೇ ಕಂಪ್ರೆಸರ್‌ಗೆ ಹೊರಿಸಿದರೆ ತುದಿಯ ಸ್ವರ ಹಿಸುಕಿಹೋಗುತ್ತದೆ, ಕೇಳುಗನಿಗೆ ಅದು ದನಿ ಸೋತಂತೆ ಕೇಳುತ್ತದೆ. ಮೊದಲು ಕ್ಲಿಪ್ ಗೇನ್‌ನಲ್ಲಿ (ರೆಕಾರ್ಡಿಂಗ್ ತುಣುಕಿನ ಮಟ್ಟವನ್ನೇ ಬದಲಿಸಿ) ಪದಪದವಾಗಿ ಸರಿದೂಗಿಸಿ. ಆಮೇಲೆ 3:1 ಅನುಪಾತ, ಅಟ್ಯಾಕ್ (ಹಿಡಿಯಲು ತೆಗೆದುಕೊಳ್ಳುವ ಸಮಯ) 15–20 ಮಿಲಿಸೆಕೆಂಡ್, ಇಳಿಕೆ 3–5 ಡೆಸಿಬಲ್ ಮೀರದ ಹಾಗೆ ಒಂದು ಕಂಪ್ರೆಸರ್. ಇನ್ನೂ ಬೇಕೆಂದರೆ ಅದರ ಹಿಂದೆ 2 ಡೆಸಿಬಲ್ಲಿನ ಇನ್ನೊಂದು, ಅಷ್ಟೇ.

ಮೈಕ್ 20–25 ಸೆಂಟಿಮೀಟರ್ ದೂರ. ತುದಿಯ ಸ್ವರಕ್ಕೆ ಗಾಯಕಿ ಹಿಂದೆ ಸರಿಯುವ ಬದಲು ತಲೆಯನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಲಿ. ಹಿಂದೆ ಸರಿದರೆ ಕೋಣೆಯ ಸದ್ದು ಬದಲಾಗಿ ಅದೇ ಸಾಲಿನಲ್ಲಿ ಎರಡು ಜಾಗ ಕೇಳುತ್ತದೆ.

ಇಕ್ಯೂನಲ್ಲಿ (ಈಕ್ವಲೈಜರ್) ದನಿಗೆ 100 ಹರ್ಟ್ಸ್ ಹೈಪಾಸ್, ಅಂದರೆ ಅದರ ಕೆಳಗಿನದನ್ನು ಕತ್ತರಿಸುವುದು, ಸಾಕು. ಮೇಲಿನ ಸ್ವರಗಳು ಕಿವಿಗೆ ಚುಚ್ಚುವುದು 2.5–4 ಕಿಲೋಹರ್ಟ್ಸ್‌ನಲ್ಲಿ. ಅಲ್ಲಿ ಸದಾ ಕತ್ತರಿಸಿದರೆ ಚರಣದ ಮಾತು ಮಂಕಾಗುತ್ತದೆ, ಆದ್ದರಿಂದ ಡೈನಮಿಕ್ ಇಕ್ಯೂ ಬಳಸಿ, ಮಿತಿ ಮೀರಿದಾಗ ಮಾತ್ರ ಕೆಲಸ ಮಾಡಲಿ. ಸ್ಟ್ರಿಂಗ್ಸ್ ಎಲ್ಲ ಕೂಡುವ ಚಾನೆಲ್‌ನಲ್ಲೂ ಅದೇ 2.5–4 ಕಿಲೋಹರ್ಟ್ಸ್ ಪಟ್ಟಿಗೆ ದನಿಯಿಂದ ಸೈಡ್‌ಚೈನ್ (ದನಿ ಬಂದಾಗ ಮಾತ್ರ ತಾನಾಗಿ ತಗ್ಗುವ ಜೋಡಣೆ) ಕೊಟ್ಟು 2–3 ಡೆಸಿಬಲ್ ಇಳಿಸಿ. ಹನ್ನೆರಡು ತಂತಿಯ ಸ್ಟ್ರಮ್ಮಿಂಗ್‌ಗೆ 150 ಹರ್ಟ್ಸ್ ಹೈಪಾಸ್, ಪಲ್ಲವಿಯಲ್ಲಿ ಅದನ್ನು ಒಂದು ಬದಿಗೆ ಸರಿಸಿ. ಅದರ ಜೋಡಿ ತಂತಿಗಳ ಮಿನುಗು ವಯಲಿನ್ ಬಿಲ್ಲಿನ ಸದ್ದಿನ ಜಾಗದಲ್ಲೇ ಇದೆ. ಎರಡೂ ಒಟ್ಟಿಗೆ ಬಂದರೆ ಬರೀ ‘ಜ್ಝ್’ ಎಂಬ ಸದ್ದು ಉಳಿಯುತ್ತದೆ.

ಮಾಸ್ಟರಿಂಗ್‌ನಲ್ಲಿ ಜೋರು ಮಾಡುವ ಹಟ ಬೇಡ. ಸ್ಟ್ರೀಮಿಂಗ್ ಸೇವೆಗಳು ಹೇಗೂ ಸುಮಾರು −14 ಲಫ್ಸ್‌ಗೆ (LUFS, ಸರಾಸರಿ ಜೋರಿನ ಅಳತೆ) ಸಮ ಮಾಡುತ್ತವೆ. −9ಕ್ಕೆ ಹಿಂಡಿ ಕೊಟ್ಟರೆ ಅವರು ಇಳಿಸುತ್ತಾರೆ, ಹೋದ ಏರಿಳಿತ ವಾಪಸ್ ಬರುವುದಿಲ್ಲ. ಸಿಂಫೋನಿಕ್ ರಾಕ್‌ಗೆ ಆ ಏರಿಳಿತವೇ ಪ್ರಾಣ. −13 ಆಸುಪಾಸು, ಟ್ರೂ ಪೀಕ್ (ಸದ್ದಿನ ನಿಜವಾದ ತುದಿ) −1.

ಡಿಸ್ಟಾರ್ಷನ್ ಗಿಟಾರ್ ಬಗ್ಗೆ ಕೇಳಿದ್ದಿರಿ. ಹಾಕಬಹುದು, ಆಗ ಹೋಲಿಸಬೇಕಾದ ಮಾದರಿ ರೆನೆಸಾನ್ಸ್ ಅಲ್ಲ, ನೈಟ್‌ವಿಶ್ ಎಂಬ ಫಿನ್ಲೆಂಡಿನ ಮೆಟಲ್ ತಂಡದ 2004ರ ಆಲ್ಬಮ್ ‘ಒನ್ಸ್’. ಅಲ್ಲಿ ತಾರ್ಯಾ ಟುರುನೆನ್ ಹಾಡಿದ್ದಾರೆ, ಆರ್ಕೆಸ್ಟ್ರಾ ಬರೆದವರು ಪಿಪ್ ವಿಲಿಯಮ್ಸ್. ಒಪೆರಾ ತರಬೇತಿಯ ದನಿಗೆ 3 ಕಿಲೋಹರ್ಟ್ಸ್ ಸುತ್ತ ತನ್ನದೇ ಒಂದು ಹೊಳಪು ಇರುವುದರಿಂದ ಗಿಟಾರ್ ಗೋಡೆಯನ್ನು ತೂರಿ ಬರುತ್ತದೆ. ನಿಮ್ಮ ಗಾಯಕಿಯ ದನಿ ಬೇರೆ ಬಗೆಯದು. ಆದರೂ ಬೇಕೆಂದರೆ: ಗಾಂಧಾರವಿಲ್ಲದ ಪವರ್ ಕಾರ್ಡ್ ಮಾತ್ರ, ಎರಡು ಸಲ ನುಡಿಸಿ ಪೂರ್ತಿ ಎಡಕ್ಕೆ ಒಂದು, ಪೂರ್ತಿ ಬಲಕ್ಕೆ ಒಂದು, 6 ಕಿಲೋಹರ್ಟ್ಸ್ ಮೇಲಿನದನ್ನು ಕತ್ತರಿಸುವ ಲೋಪಾಸ್, ಗೇನ್ (ಡಿಸ್ಟಾರ್ಷನ್ ಪ್ರಮಾಣ) ನಿಮಗೆ ಇಷ್ಟವಾಗುವುದಕ್ಕಿಂತ ಮೂರನೇ ಒಂದರಷ್ಟು ಕಡಿಮೆ. ಸಾಹಿತ್ಯದ ಕೆಳಗೆ ಅಂಗೈ ಒತ್ತಿ ಮೊಟಕು ಸ್ವರಗಳು, ಸಾಲಿನ ಸಂದಿನಲ್ಲಿ ಮಾತ್ರ ಬಿಚ್ಚುದನಿ.

---

ಕಪ್ಪುತಟ್ಟೆ

ಎಲ್‌ಪಿಯೋ ಸಿಡಿಯೋ ಎಂಬ ಪ್ರಶ್ನೆಗೆ ಯಾರೂ ಬರಲಿಲ್ಲ. ಮಿಕ್ಸ್ ಹೋಲಿಸಲು ಸಿಡಿ ಅಥವಾ ರೀಮಾಸ್ಟರ್ ಫೈಲ್ ಬಳಸಿ. ಎಲ್‌ಪಿ ಬಹಳ ಚೆನ್ನ, ಆದರೆ ಈ ಆಲ್ಬಮ್‌ನ ಎರಡನೇ ಬದಿ ಅಳತೆಗೋಲಾಗಲು ಯೋಗ್ಯವಲ್ಲ.

ಕಾರಣ ಇಷ್ಟು. ತಟ್ಟೆ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಹೊರ ಅಂಚಿನ ಗೆರೆಯಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಗೆರೆ ಓಡುತ್ತದೆ, ಕೇಂದ್ರದಿಂದ 60 ಮಿಲಿಮೀಟರ್ ದೂರದ ಒಳಗೆರೆಯಲ್ಲಿ ಬರೀ 21. ಅದೇ ಸಂಗೀತ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಕೆತ್ತಬೇಕು, ಮೇಲಿನ ಸ್ವರಗಳ ಅಲೆಗಳು ಸೂಜಿಯ ತುದಿಗಿಂತ ಇಕ್ಕಟ್ಟಾಗುತ್ತವೆ. ಇಲ್ಲಿ ಬದಿ 24 ನಿಮಿಷ ಮೀರಿದೆ, ಆದ್ದರಿಂದ ಕೆತ್ತುವ ಮಟ್ಟವನ್ನು ತಗ್ಗಿಸಬೇಕಾಗುತ್ತದೆ, ಮೆಲ್ಲನೆಯ ಭಾಗದಲ್ಲಿ ತಟ್ಟೆಯ ಸದ್ದು ಮೇಲೆ ಬರುತ್ತದೆ. ಅದರ ಮೇಲೆ, ಇಡೀ ಆಲ್ಬಮ್‌ನ ಅತಿ ದೊಡ್ಡ ಸದ್ದು, ಹ್ಯಾಸ್ಲಮ್‌ರ ಅತಿ ಎತ್ತರದ ಹಾಡಿಕೆ ಇರುವ ‘ಫಿನಾಲೆ’ ಬಂದು ಬೀಳುವುದು ಸರಿಯಾಗಿ ಆ ಒಳಗೆರೆಯಲ್ಲಿ. ಸಾಧಾರಣ ಗೋಳಾಕಾರದ ಸೂಜಿಯಲ್ಲಿ ಅಲ್ಲಿ ದನಿ ಹರಿದ ಹಾಗೆ ಕೇಳುತ್ತದೆ. ಅದನ್ನು ರೆಕಾರ್ಡಿಂಗ್‌ನ ದೋಷ ಎಂದುಕೊಂಡವರು ಬಹಳ ಜನ.

ಎಲ್‌ಪಿಯಲ್ಲೇ ಕೇಳುವವರಿಗೆ: ಮೈಕ್ರೋಲೈನ್ ಅಥವಾ ಷಿಬಾಟಾ ಬಗೆಯ, ತುದಿ ಹೆಚ್ಚು ಸಪೂರವಾದ ಸೂಜಿ ಹಾಕಿ. ಸೂಜಿ ಇರುವ ಕಾರ್ಟ್ರಿಡ್ಜ್ ಕೂರಿಸುವಾಗ ಬೇರ್‌ವಾಲ್ಡ್ ಅಳತೆಯಲ್ಲಿ (ಕೇಂದ್ರದಿಂದ 66 ಮತ್ತು 120.9 ಮಿಲಿಮೀಟರ್ ದೂರದಲ್ಲಿ ಸೂಜಿಯ ಕೋನದೋಷ ಸೊನ್ನೆ) ಕೂರಿಸಿದರೆ ಸರಾಸರಿ ಎಲ್ಲ ತಟ್ಟೆಗಳಿಗೂ ಸರಿ. ಇಂಥ ತಟ್ಟೆಗಳೇ ಹೆಚ್ಚಿದ್ದರೆ ಸ್ಟೀವನ್‌ಸನ್ ಅಳತೆ ನೋಡಿ, ಅದರ ಒಳಬಿಂದು 60.3ರಲ್ಲಿದೆ, ಅಂದರೆ ಕೊನೆಯ ಗೆರೆಗಳಲ್ಲೇ ದೋಷ ಅತಿ ಕಡಿಮೆ. ಸೂಜಿಯ ಭಾರವನ್ನು ಕಂಪನಿ ಹೇಳಿದ ವ್ಯಾಪ್ತಿಯ ಮೇಲ್ತುದಿಗೆ ಇಡಿ. ಭಾರ ಕಡಿಮೆಯಾದರೆ ಸೂಜಿ ಗೆರೆಯಲ್ಲಿ ಕುಣಿದು ತಟ್ಟೆಯನ್ನೇ ಕೆಡಿಸುತ್ತದೆ.

ಎಸೊಟೆರಿಕ್ ಲೇಬಲ್ 2021ರಲ್ಲಿ ತಂದ ಮರುಬಿಡುಗಡೆಯಲ್ಲಿ 5.1 (ಸುತ್ತಲೂ ಸ್ಪೀಕರ್ ಇರುವ ಸರೌಂಡ್) ಮಿಕ್ಸ್ ಕೂಡ ಇದೆ. ದನಿ ಯಾವುದು, ಆರ್ಕೆಸ್ಟ್ರಾ ಯಾವುದು ಎಂದು ಬಿಡಿಸಿ ಕೇಳಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಜೊತೆಗೆ 1976ರಲ್ಲಿ ಬಂದ ‘ಲೈವ್ ಅಟ್ ಕಾರ್ನೆಗಿ ಹಾಲ್’ ಕೂಡ ಕೇಳಿ, ನ್ಯೂಯಾರ್ಕ್ ಫಿಲ್ಹಾರ್ಮೊನಿಕ್ ಜೊತೆ ಅದೇ ಷೆಹರಜಾದ್ ವೇದಿಕೆಯಲ್ಲಿ. ಸ್ಟುಡಿಯೊದ ಸೌಕರ್ಯವಿಲ್ಲದೆಯೂ ದನಿ ನಿಲ್ಲುತ್ತದೆ. ಹನ್ನೆರಡುತಂತಿಯವರ ಮಾತಿಗೆ ಅದೇ ಸಾಕ್ಷಿ.

ಹೊಸಬರಿಗೊಂದು ಮಾತು: ರಿಮ್ಸ್ಕಿ-ಕೊರ್ಸಕೊವ್ 1888ರಲ್ಲಿ ಬರೆದ ‘ಷೆಹರಜಾದ್’ನ ರೂಪಾಂತರ ಇದು ಎಂದು ಹುಡುಕಬೇಡಿ. ಎರಡಕ್ಕೂ ಮೂಲ ‘ಅರೇಬಿಯನ್ ನೈಟ್ಸ್’ ಕಥೆ ಒಂದೇ, ಸಂಗೀತ ರೆನೆಸಾನ್ಸ್ ತಂಡದ ಸ್ವಂತ ರಚನೆ.

---

ಸುಳಿಗಾಳಿ

ಎಲ್ಲರಿಗೂ ತುಂಬಾ ಧನ್ಯವಾದ. ಪಲ್ಲವಿಯ ವಿವರ ಕೊಡುತ್ತೇನೆ. ವೇಗ ನಿಮಿಷಕ್ಕೆ 76 ಬೀಟ್, ಬಾರ್‌ಗೆ (ಒಂದು ಆವರ್ತಕ್ಕೆ) ನಾಲ್ಕು ಬೀಟ್, ಒಟ್ಟು ಎಂಟು ಬಾರ್. ಮಟ್ಟು ಸಿ ಶಾರ್ಪ್5ರಿಂದ ಎಫ್ ಶಾರ್ಪ್5ರವರೆಗೆ. ತುದಿ ಆರನೇ ಬಾರ್‌ನಲ್ಲಿ, ಮಾತು ‘ಮುಗಿಲು’, ಕೊನೆಯ ‘ಲು’ ಮೇಲೆ ಮೂರು ಬೀಟ್ ನಿಲುಗಡೆ. ಕೆಳಗೆ ಎನ್ಸೆಂಬಲ್ ಪ್ಯಾಚ್‌ನಲ್ಲಿ ನಾಲ್ಕು ಸ್ವರದ ಕಾರ್ಡ್, ಹಾರ್ನ್ ಪೂರ್ತಿ ಎಂಟು ಬಾರ್ ಉದ್ದ ಸ್ವರ, ಹನ್ನೆರಡು ತಂತಿ ಎಂಟರ ನಡೆಯಲ್ಲಿ ಸ್ಟ್ರಮ್. ಎಲ್ಲಿಂದ ಶುರು ಮಾಡಲಿ? ಶ್ರುತಿ ಇಳಿಸಿದರೆ ಹೇಗೆ?

---

ಹನ್ನೆರಡುತಂತಿ

ಶ್ರುತಿಯ ವಿಷಯ ತಾರಸ್ಥಾಯಿಯವರಿಗೆ ಬಿಡುತ್ತೇನೆ. ವಾದ್ಯಗಳಿಗೆ ಹೀಗೆ ಮಾಡಿ.

ಒಂದರಿಂದ ನಾಲ್ಕನೇ ಬಾರ್: ಹಾರ್ನ್ ಪೂರ್ತಿ ತೆಗೆಯಿರಿ. ಚೆಲ್ಲೊ ಮತ್ತು ವಿಯೋಲ ಎರಡೇ, ಸಿ ಶಾರ್ಪ್3ರಿಂದ ಸಿ ಶಾರ್ಪ್4ರ ಒಳಗೆ, ಅಗಲ ಬಿಟ್ಟ ಕಾರ್ಡ್. ಹನ್ನೆರಡು ತಂತಿ ಸ್ಟ್ರಮ್ ಬದಲು ಆರ್ಪೆಜಿಯೊ (ಕಾರ್ಡ್‌ನ ಸ್ವರಗಳನ್ನು ಒಂದೊಂದಾಗಿ ಮೀಟುವುದು), ಕೆಳಗಿನ ನಾಲ್ಕು ಜೋಡಿಗಳಲ್ಲಿ. ನಾಲ್ಕನೇ ಬಾರ್‌ನ ಕೊನೆಯ ಎರಡು ಬೀಟ್‌ಗಳಲ್ಲಿ ದನಿ ಉಸಿರಾಡುವಾಗ ಹಾರ್ನ್ ಏರಲಿ, ಐದನೇ ಬಾರ್‌ನ ಮೊದಲ ಬೀಟ್‌ಗೆ ನಿಲ್ಲಲಿ.

ಐದನೇ ಬಾರ್‌ಗೆ ಮೊದಲ ವಯಲಿನ್ ಬರಲಿ, ಸಿ ಶಾರ್ಪ್6 ಸುತ್ತ, ಒಂದೇ ಸ್ವರ, ಕಾರ್ಡ್ ಅಲ್ಲ. ಸ್ಟ್ರಮ್ ಬೇಕಿದ್ದರೆ ಇಲ್ಲಿಂದ. ಆರನೇ ಬಾರ್‌ನ ತುದಿಸ್ವರಕ್ಕೆ ಡ್ರಮ್ಸ್‌ನ ಕ್ರಾಷ್ ಸಿಂಬಲ್ ಹೊಡೆಸಬೇಡಿ. ಅದನ್ನು ಏಳನೇ ಬಾರ್‌ಗೆ ಸರಿಸಿ, ದನಿ ಇಳಿಯುವಾಗ ಹೊಡೆಯಲಿ. ಸಿಂಬಲ್ ಮತ್ತು ತುದಿಸ್ವರ ಒಟ್ಟಿಗೆ ಬಂದರೆ ಅಕ್ಷರದ ಆರಂಭವೇ ನುಂಗಿಹೋಗುತ್ತದೆ. ಏಳು, ಎಂಟನೇ ಬಾರ್‌ಗಳು ಪೂರ್ತಿ ಆರ್ಕೆಸ್ಟ್ರಾದ್ದು, ಅಲ್ಲಿ ಎಷ್ಟು ಬೇಕೋ ಅಷ್ಟು ದೊಡ್ಡದು ಮಾಡಿ. ಬೇಸ್ ವಾದಕರಿಗೆ ಆ ಎರಡು ಬಾರ್‌ಗಳಲ್ಲಿ ಮೇಲಿನ ತಂತಿಗಳಿಗೆ ಏರಿ ಓಡಲು ಹೇಳಿ.

76ರ ವೇಗದಲ್ಲಿ ಒಂದು ಬೀಟ್ 789 ಮಿಲಿಸೆಕೆಂಡ್. ಅದರ ಹದಿನಾರನೇ ಒಂದು ಭಾಗ 49. ಮಿಕ್ಸ್‌ಮನೆಯವರು ಹೇಳಿದ ಪ್ರಿಡಿಲೇಗೆ ಅದನ್ನೇ ಇಡಿ, ರಿವರ್ಬ್ ತಾಳದ ಜೊತೆ ಉಸಿರಾಡುತ್ತದೆ.

---

ತಾರಸ್ಥಾಯಿ

ಎಫ್ ಶಾರ್ಪ್5 ಅಂದರೆ 740 ಹರ್ಟ್ಸ್. ಅಲ್ಲಿ ಮೂರು ಬೀಟ್ ‘ಲು’ ಯಾರಿಂದಲೂ ಸ್ಪಷ್ಟವಾಗಿ ಹಾಡಲಾಗುವುದಿಲ್ಲ, ನಿಮ್ಮ ಗಾಯಕಿಯದು ತಪ್ಪಲ್ಲ. ‘ಮುಗಿಲಾಚೆ’ ಎಂದು ತಿರುಗಿಸಿ ‘ಲಾ’ ಮೇಲೆ ನಿಲ್ಲಿಸಿ. ‘ಮು’ ‘ಗಿ’ ಎರಡನ್ನೂ ಕೆಳಗಿನ ಚಿಕ್ಕ ಸ್ವರಗಳಲ್ಲಿ, ಸಿ ಶಾರ್ಪ್5 ದಾಟದ ಹಾಗೆ ಮುಗಿಸಿ.

ಹಾಡನ್ನು ಒಂದೂವರೆ ಸ್ವರ ಇಳಿಸಿದರೆ ತುದಿ ಡಿ ಶಾರ್ಪ್5ಕ್ಕೆ ಬರುತ್ತದೆ, ಅದು ಅವರ ತಾರ ಪಂಚಮ, ತುಂಬುದನಿಯಲ್ಲೇ ಆರಾಮ. ಆದರೆ ಚರಣ ಎಷ್ಟು ಕೆಳಗೆ ಹೋಗುತ್ತದೆ ನೋಡಿಕೊಳ್ಳಿ. ಚರಣದ ತಳ ಜಿ ಶಾರ್ಪ್3ಗಿಂತ ಕೆಳಗಿಳಿದರೆ ಅಲ್ಲಿ ದನಿಗೆ ಬಲವಿರುವುದಿಲ್ಲ, ಪಿಯಾನೊ ಅದನ್ನು ಮುಚ್ಚುತ್ತದೆ. ‘ಓಷನ್ ಜಿಪ್ಸಿ’ಯನ್ನೇ ಬ್ಲ್ಯಾಕ್‌ಮೋರ್ಸ್ ನೈಟ್ ತಂಡ 1997ರ ‘ಶ್ಯಾಡೋ ಆಫ್ ದ ಮೂನ್’ ಆಲ್ಬಮ್‌ನಲ್ಲಿ ಕ್ಯಾಂಡಿಸ್ ನೈಟ್ ದನಿಯಲ್ಲಿ ತಂದಿದೆ. ಅವರದು ಜಾನಪದ ಬಗೆಯ ಮೆತ್ತನೆ ದನಿ. ಎರಡನ್ನೂ ಒಂದರ ಹಿಂದೊಂದು ಕೇಳಿ, ಒಂದೇ ಮಟ್ಟು ಬೇರೆ ದನಿಗೆ ಹೇಗೆ ಒಗ್ಗುತ್ತದೆ ಎಂದು ಗೊತ್ತಾಗುತ್ತದೆ.

ಇಳಿಸುವುದಾದರೆ ಸ್ಟ್ರಿಂಗ್ಸ್ ಫೈಲನ್ನು ಹಾಗೆಯೇ ಪಿಚ್ ಇಳಿಸಬೇಡಿ, ಮಿಡಿಯಲ್ಲಿ (ಸ್ಯಾಂಪಲ್‌ಗೆ ಯಾವ ಸ್ವರ ನುಡಿಸಬೇಕೆಂದು ಹೇಳುವ ದತ್ತಾಂಶದಲ್ಲಿ) ಸ್ವರ ಬದಲಿಸಿ. ಹನ್ನೆರಡು ತಂತಿಗೆ ಕೇಪೊ (ಶ್ರುತಿ ಏರಿಸಲು ಗಿಟಾರ್ ಕತ್ತಿಗೆ ಹಾಕುವ ಹಿಡಿಕೆ) ಜಾಗ ಬದಲಾಗುತ್ತದೆ, ಗಿಟಾರ್ ಮರುರೆಕಾರ್ಡ್ ಮಾಡಲೇಬೇಕು. ದನಿಯನ್ನು ಎಲ್ಲಕ್ಕಿಂತ ಕೊನೆಗೆ ರೆಕಾರ್ಡ್ ಮಾಡಿ, ಬೆಳಿಗ್ಗೆ ಎದ್ದ ಕೂಡಲೇ ಬೇಡ. ಪಲ್ಲವಿಯ ಟೇಕ್‌ಗಳನ್ನು ಮೊದಲು ತೆಗೆದುಕೊಳ್ಳಿ, ದನಿ ದಣಿಯುವ ಮುಂಚೆ. ಮೆಲ್ಲನೆಯ ಚರಣಗಳು ಆಮೇಲೂ ಆಗುತ್ತವೆ.